ಮುಚ್ಚಿಟ್ಟ ರಿಪೋರ್ಟು

ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳಿಗೆ ಕೆಲಸ ಬಿಟ್ಟ ಮೇಲೂ ಕ್ಯಾಂಟೀನಮ್ಮ ಎಂಬ ಹೆಸರು ಬಿಟ್ಟುಹೋಗಲಿಲ್ಲ. ಹೊತ್ತಿಗೆ ನಾನೂರು ತಟ್ಟೆ ತುಂಬಿಸಿದ ಕೈ ಅದು. ಈಗ ಮನೆಯಲ್ಲಿ ನಾಲ್ಕೇ ತಟ್ಟೆ. ಆದರೂ ಅವಳು ಬೇಯಿಸಿದ್ದು ಆರು ಜನಕ್ಕಾಗುತ್ತಿತ್ತು. ಮಿಕ್ಕ ಇಬ್ಬರದ್ದೂ ಮಗನ ಹೊಟ್ಟೆಗೇ ಹೋಗುತ್ತಿತ್ತು.

ಮಗ ಸಿಟಿ ಬಸ್ಸಿನ ಡ್ರೈವರ್. ಮೊದಲನೇ ಪಾಳಿಯಲ್ಲಿ ಬೆಳಿಗ್ಗೆ ಐದೂವರೆಗೆ ಸೀಟಿನ ಮೇಲೆ ಕೂತರೆ ಮಧ್ಯಾಹ್ನ ಎರಡರವರೆಗೆ ಊಟದ ಬಿಡುವು ಬಿಟ್ಟರೆ ಏಳುವಂತಿಲ್ಲ. ಮದುವೆಯಾಗುವಾಗ ತೆಳ್ಳಗಿದ್ದವನು ನಾಲ್ಕು ವರ್ಷದಲ್ಲಿ ಸ್ಟೇರಿಂಗಿಗೆ ಹೊಟ್ಟೆ ತಾಗುವಷ್ಟಾಗಿದ್ದ. ಡಿಪೋದವರು ತಮಾಷೆ ಮಾಡಿದರೆ ಕ್ಯಾಂಟೀನಮ್ಮನಿಗೆ ಸಿಟ್ಟು ಬರುತ್ತಿತ್ತು. "ದುಡಿಯೋ ದೇಹ, ತಿನ್ನಲಿ ಬಿಡಿ. ಅವರ ಮನೇಲಿ ತಿನ್ನಿಸೋರಿಲ್ಲ, ಅದಕ್ಕೆ ಹೊಟ್ಟೆಕಿಚ್ಚು," ಅನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವಳ ಗಂಡ ಗೊಣಗಿದರೆ, "ನಿಮ್ಮ ಹಾಗೆ ಕಡ್ಡಿ ಆಗಬೇಕಿತ್ತಾ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಒಂದು ಮಾತು ಬೇಕಿದ್ದ ಕಡೆ ಅರ್ಧ ಮಾತು ಆಡುವ ಮನುಷ್ಯ.

ಸೊಸೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಕೂದಲೆಳೆ ಹೆಚ್ಚುಕಮ್ಮಿಯಾದರೂ ಗಾಜು ಬಿರುಕು ಬಿಡುತ್ತದೆ. ಅಂಥ ಕೆಲಸ ಮಾಡುವವಳಿಗೆ ಈಚೆಗೆ ಕೈ ನಡುಗುತ್ತಿತ್ತು. ಮಗುವಾಗಲೆಂದು ಎರಡು ವರ್ಷದಿಂದ ಮಾತ್ರೆ. ಐದಾರು ತಿಂಗಳಿಂದ ಸೂಜಿಯೂ ಸೇರಿತ್ತು. ಸೂಜಿ ಹಾಕಿಸಿಕೊಂಡ ದಿನ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು.

ಆ ಗುರುವಾರ ಬೆಳಿಗ್ಗೆ ಅವಳು ಗಂಡನ ಪಕ್ಕ ತಟ್ಟೆಯ ಮುಂದೆ ಕೂತು ಬ್ರೆಡ್ಡನ್ನು ಚೂರು ಮಾಡುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ತಿನ್ನದೆ ಹೀಗೆ ಕೂತರೆ ಮೈಗೆ ಹತ್ತೋದಾದರೂ ಏನು? ಒಣಗಿದ ನೆಲದಲ್ಲಿ ಏನು ಬೆಳೆಯುತ್ತೆ?" ಅಂದಳು ಕ್ಯಾಂಟೀನಮ್ಮ.

ಸೊಸೆ ತಲೆ ಎತ್ತಲಿಲ್ಲ. "ಮುಂದಿನ ಶುಕ್ರವಾರ ದಿನ ಕೊಟ್ಟಿದ್ದಾರೆ ಅತ್ತೆ. ಹೊಟ್ಟೇಲಿ ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡ್ತಾರಂತೆ. ಒಂದು ದಿನ ಆಸ್ಪತ್ರೇಲಿ ಇರಬೇಕು."

"ಮಾಡಿಸಿಕೋ. ದೋಷ ಎಲ್ಲಿದೆ ಅಂತ ಒಂದು ಸಲ ಗೊತ್ತಾಗಿಬಿಡಲಿ."

"ಇವರದ್ದು ಪರೀಕ್ಷೆ ರಿಪೋರ್ಟು ತನ್ನಿ ಅಂತ ಡಾಕ್ಟ್ರಮ್ಮ ಮತ್ತೆ ಕೇಳಿದ್ರು. ಸರಿ ಇದೆ ಅಂತ ಇವರೇ ಹೇಳಿದ್ದಾರೆ, ಕಾಗದ ಎಲ್ಲೋ ಕಳೆದಿದೆ ಅಂದೆ."

"ಅವನಿಗೇನಾಗಿದೆ? ಆನೆ ಇದ್ದ ಹಾಗಿದ್ದಾನೆ." ಇಷ್ಟು ಹೇಳಿ ಅವಳು ಅವತ್ತಿನ ಬುತ್ತಿ ಡಬ್ಬಿಯ ನಾಲ್ಕನೇ ಖಾನೆಗೆ ಕರಿದ ಆಲೂಗಡ್ಡೆ ಒತ್ತಿ ತುಂಬಿದಳು. ಮಗನಿಗೆ ಅವತ್ತು ಎರಡನೇ ಪಾಳಿ. ಅವನು ತಿನ್ನುತ್ತಿದ್ದವನು ಅಲ್ಲಿಗೇ ಎದ್ದು ಕೈ ತೊಳೆದ. ತಟ್ಟೆಯಲ್ಲಿ ಒಂದು ಮೊಟ್ಟೆ ಹಾಗೇ ಉಳಿದಿತ್ತು. ಅವನು ತಟ್ಟೆಯಲ್ಲಿ ಏನಾದರೂ ಬಿಟ್ಟದ್ದನ್ನು ಅವಳು ಅದುವರೆಗೆ ಕಂಡಿದ್ದೇ ಇಲ್ಲ. ಆಗ ಅದು ಯಾಕೆಂದು ಹೊಳೆಯಲಿಲ್ಲ.

ಹೊಳೆದದ್ದು ಮಧ್ಯಾಹ್ನ. ಡಿಪೋದಿಂದ ಮಗನ ಫೋನು ಬಂತು. ಲೈಸೆನ್ಸ್ ನವೀಕರಣಕ್ಕೆ ಹಳೇ ಪ್ರತಿ ಬೇಕಂತೆ, ಬೀರುವಿನ ನೀಲಿ ಫೈಲಿನಲ್ಲಿದೆಯಂತೆ, ಅಪ್ಪನ ಕೈಲಿ ಕಳಿಸಬೇಕಂತೆ. ಹೇಳಿದವನು ಮರುಕ್ಷಣ, "ಬೇಡ, ನಾನೇ ಬಂದು ಹುಡುಕ್ತೀನಿ," ಅಂದ. ಅಷ್ಟರಲ್ಲಿ ಅವಳು ಫೈಲು ಬಿಚ್ಚಿಯಾಗಿತ್ತು.

ಲೈಸೆನ್ಸಿನ ಹಿಂದೆ ನಾಲ್ಕು ಮಡಿಕೆ ಮಾಡಿದ ಕಾಗದವೊಂದಿತ್ತು. ಮೇಲೆ ಮಗನ ಹೆಸರು, ವಯಸ್ಸು. ತಾರೀಖು ಐದು ತಿಂಗಳ ಹಿಂದಿನದು. ಸೊಸೆಯೇ ಮಾಡಿಕೊಟ್ಟ ಓದುವ ಕನ್ನಡಕ ಹಾಕಿಕೊಂಡು ಅವಳು ಒಂದೊಂದೇ ಸಾಲು ಓದಿದಳು. ಅಂಕಿಗಳು ಅರ್ಥವಾಗಲಿಲ್ಲ. ಅಂಕಿಯ ಪಕ್ಕದ ಅಕ್ಷರ ಅರ್ಥವಾಯಿತು. ವೀರ್ಯಾಣು ಸಂಖ್ಯೆ: ಬಹಳ ಕಡಿಮೆ. ಚಲನೆ: ಕಡಿಮೆ. ಕೆಳಗೆ ಪೆನ್ನಿನಲ್ಲಿ ಯಾರೋ ಬರೆದಿದ್ದರು: ತೂಕ ಇಳಿಸಬೇಕು. ಹಾರ್ಮೋನು ಪರೀಕ್ಷೆ ಆಗಬೇಕು. ಹೆಂಡತಿಯನ್ನು ಕರೆದುಕೊಂಡು ಬನ್ನಿ.

ಗಂಡನ ಮುಂದೆ ಹಿಡಿದಳು. ಅವರು ಕೈ ಹಿಂದಕ್ಕೆಳೆದುಕೊಂಡರು. "ಇನ್ನೊಬ್ಬರ ಕಾಗದ ನಾನು ಓದಲ್ಲ."

"ಮಗನ ಕಾಗದ ರೀ."

"ಮಗ ಇನ್ನೊಬ್ಬನೇ." ಆದರೂ ಓದಿದರು. ಓದಿ, ಮೊದಲು ಇದ್ದ ಮಡಿಕೆಯಲ್ಲೇ ಮಡಚಿದರು. "ಇದು ಗೊತ್ತಿದ್ದೂ ಅವನು ಆ ಹುಡುಗಿಗೆ ಸೂಜಿ ಚುಚ್ಚಿಸ್ತಿದ್ದಾನೆ."

"ಈಗ ಏನು ಮಾಡೋದು?"

"ಹೇಳಬೇಕಾದವನು ಅವನು. ಹೇಳಿಸಬೇಕಾದವಳು ನೀನು. ನನ್ನ ಮಾತಿಗೆ ಅವನು ಯಾವತ್ತು ಕಿವಿ ಕೊಟ್ಟಿದ್ದಾನೆ?"

ಅವಳಿಗೆ ಅವತ್ತು ರಾತ್ರಿಯೇ ಕೇಳಿಬಿಡಬೇಕೆನಿಸಿತ್ತು. ಆದರೆ ಮಗ ಮನೆಗೆ ಬಂದಾಗ ಸೊಸೆ ಎದುರಿಗೇ ಇದ್ದಳು. ಮಾರನೇ ದಿನವೂ ಹಾಗೇ ಆಯಿತು. ನಿಜ ಹೇಳಬೇಕೆಂದರೆ ಸೊಸೆ ಇದ್ದದ್ದು ಒಂದು ನೆಪ. ಕಾಗದದ ಮಾತು ಬಾಯಿಗೆ ಬಂದರೆ ಅದರ ಹಿಂದೆಯೇ ತಾನು ನಾಲ್ಕು ವರ್ಷ ಆಡಿದ ಮಾತೆಲ್ಲ ಸಾಲುಗಟ್ಟಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಮಹಡಿ ಮನೆಯ ಟೈಲರಮ್ಮನ ಹತ್ತಿರ, ತಂಗಿಯ ಹತ್ತಿರ, ಕ್ಯಾಂಟೀನಿನ ಹಳೇ ಜೊತೆಗಾತಿಯ ಹತ್ತಿರ, ಬಂಜೆ ಎಂಬ ಮಾತನ್ನು ಅವಳು ಉಪ್ಪು ಉದುರಿಸಿದಷ್ಟು ಸಲೀಸಾಗಿ ಉದುರಿಸಿದ್ದಳು.

ಶನಿವಾರ ಬುತ್ತಿ ಮನೆಯಲ್ಲೇ ಬಿಟ್ಟುಹೋದ ಮಗನನ್ನು ಹುಡುಕಿಕೊಂಡು ಅವಳು ಬಸ್ ನಿಲ್ದಾಣಕ್ಕೆ ಹೋದಳು. ಊಟದ ಬಿಡುವಿನಲ್ಲಿ ಅವನು ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದ. ಮೊಣಕಾಲ ಮೇಲೆ ಬಿಸ್ಕತ್ತಿನ ಪೊಟ್ಟಣ ಒಡೆದಿತ್ತು. ಡಬ್ಬಿ ಪಕ್ಕಕ್ಕಿಟ್ಟು ಅವಳು ಎದುರು ಕೂತಳು.

"ನೀಲಿ ಫೈಲಲ್ಲಿ ಒಂದು ಕಾಗದ ನೋಡಿದೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಅವಳಿಗೆ ಹೇಳಿದ್ಯಾ?"

"ಇಲ್ಲ. ನೀನು ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಾನೇ ಬಂದೆ, ಆವತ್ತು. ಕಾಗದ ಜೇಬಲ್ಲಿತ್ತು. ನೀನು ಅಡುಗೆಮನೇಲಿ ಫೋನಲ್ಲಿ ಮಾತಾಡ್ತಿದ್ದೆ, ಚಿಕ್ಕಮ್ಮನ ಹತ್ತಿರ. 'ಇಂಥದ್ದನ್ನ ಕಟ್ಟಿಕೊಂಡು ನನ್ನ ಮಗನ ಬಾಳು ಬರಡಾಯ್ತು' ಅಂತಿದ್ದೆ. ಅವಳು ಅಲ್ಲೇ ಪಾತ್ರೆ ತೊಳೀತಿದ್ದಳು. ಕೇಳಿಸಿಕೊಂಡೇ ತೊಳೀತಿದ್ದಳು. ಅವಳ ಮುಖ ನೋಡಿದೆ ಅಮ್ಮ. ಆ ಮಾತು ನನ್ನ ಕಡೆ ತಿರುಗಿದರೆ ನಾನು ತಡೆಯಲ್ಲ ಅನ್ನಿಸ್ತು."

"ಅದಕ್ಕೆ ಅವಳೇ ತಡೀಲಿ ಅಂತ ಬಿಟ್ಟೆಯಾ?"

"ತೂಕ ಇಳಿಸಿ ಸರಿ ಮಾಡ್ಕೊಂಡು ಆಮೇಲೆ ಹೇಳೋಣ ಅಂದ್ಕೊಂಡೆ. ಇಳೀಲಿಲ್ಲ. ಹೆದರಿಕೆ ಆದಷ್ಟೂ ಹಸಿವು ಜಾಸ್ತಿ ಆಗ್ತಿತ್ತು."

ಕಂಡಕ್ಟರ್ ಬಂದು ಬಸ್ಸಿನ ಬದಿ ತಟ್ಟಿದ. ಮಗ ಎದ್ದ. "ಭಾನುವಾರ ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಭಾನುವಾರ ಅವನು ಓವರ್‌ಟೈಮ್ ಹಾಕಿಸಿಕೊಂಡ. ಸೋಮವಾರ ತಲೆನೋವು ಅಂದ. ಮಂಗಳವಾರ ಸೊಸೆ ಆಸ್ಪತ್ರೆಗೆಂದು ಬ್ಯಾಗು ತುಂಬಲು ಶುರುಮಾಡಿದಳು. ಎರಡು ಸಡಿಲ ಉಡುಪು, ಟವೆಲ್ಲು, ಬಾಚಣಿಗೆ. ಕ್ಯಾಂಟೀನಮ್ಮ ಬಟ್ಟೆ ಮಡಚಿಕೊಡುತ್ತಾ ಕೂತಳು. ಬಾಯಲ್ಲಿ ಬಿಸಿ ತುತ್ತು ಇದ್ದ ಹಾಗಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಅತ್ತೆ," ಅಂದಳು ಸೊಸೆ. "ನಿಮಗೆ ಹೇಳಬಾರದು ಅಂದ್ಕೊಂಡಿದ್ದೆ. ನಂಗೆ ತುಂಬ ಹೆದರಿಕೆ ಆಗ್ತಿದೆ. ಎಚ್ಚರ ತಪ್ಪಿಸ್ತಾರಲ್ಲ, ಅದಕ್ಕೆ. ಎಚ್ಚರಾನೇ ಆಗದಿದ್ರೆ ಅಂತ."

ನಾಲ್ಕು ವರ್ಷದಲ್ಲಿ ಅವಳು ಅತ್ತೆಯ ಮುಂದೆ ಹೆದರಿಕೆಯ ಮಾತಾಡಿದ್ದು ಇದೇ ಮೊದಲು. ಕ್ಯಾಂಟೀನಮ್ಮ ಟವೆಲ್ಲನ್ನು ಮೂರು ಸಲ ಮಡಚಿ ಮೂರು ಸಲ ಬಿಚ್ಚಿದಳು. "ಏನೂ ಆಗಲ್ಲಮ್ಮ," ಅಂದಳು. ತನ್ನ ದನಿ ತನಗೇ ಯಾರದೋ ಅನ್ನಿಸಿತು.

ಬುಧವಾರ ಸಂಜೆ ಮಗ ಬಂದು ಮೇಜಿನ ಮುಂದೆ ಕೂತಾಗ ಅಲ್ಲಿ ತಟ್ಟೆ ಇರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದಂತೆಯೇ ಇದ್ದವು. ಸೊಸೆ ಅಂಗಡಿಯಿಂದ ಬಂದವಳು, "ಮೈ ಹುಷಾರಿಲ್ವಾ ಅತ್ತೆ?" ಎಂದು ಒಲೆಯ ಕಡೆ ಹೋಗುತ್ತಿದ್ದಳು.

"ಒಲೆ ಮುಟ್ಟಬೇಡ. ಬಂದು ಕೂತ್ಕೋ," ಅಂದಳು ಕ್ಯಾಂಟೀನಮ್ಮ. "ಜ್ವರ ಬಂದಾಗಲೂ ನಾನು ಒಲೆ ಹಚ್ಚಿದ್ದೀನಿ. ನಮ್ಮಮ್ಮ ಸತ್ತ ದಿನವೂ ಹಚ್ಚಿದ್ದೀನಿ. ಇವತ್ತು ಹಚ್ಚಲ್ಲ. ಇವನು ಬಾಯಿ ಬಿಡೋವರೆಗೂ ಹಚ್ಚಲ್ಲ."

ನಾಲ್ವರೂ ಬರೀ ಮೇಜಿನ ಸುತ್ತ ಕೂತರು. ಅಪ್ಪ ಕೈಕಟ್ಟಿಕೊಂಡು ಕೂತರು. ಮಗ ಒಮ್ಮೆ ತಾಯಿಯನ್ನು, ಒಮ್ಮೆ ಬಾಗಿಲನ್ನು ನೋಡಿದ. ಕೊನೆಗೆ ಎದ್ದುಹೋಗಿ ಆ ಕಾಗದ ತಂದು ಹೆಂಡತಿಯ ಮುಂದಿಟ್ಟ. "ಕಳೆದಿರಲಿಲ್ಲ," ಅಂದ. "ನಾನು ಸುಳ್ಳು ಹೇಳಿದೆ."

ಸೊಸೆ ನಿಧಾನವಾಗಿ ಓದಿದಳು. ಬೆರಳು ತಾರೀಖಿನ ಮೇಲೆ ನಿಂತಿತು.

"ಈ ತಾರೀಖು ಆದ ಮೇಲೆ ನಾನು ಎಷ್ಟು ಸೂಜಿ ಹಾಕಿಸಿಕೊಂಡೆ ಗೊತ್ತಾ ನಿಮಗೆ?"

ಮಗ ಕಾಗದಕ್ಕೆ ಕೈ ಚಾಚಿದ, ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ನೀವೇ ಸ್ಕೂಟರಲ್ಲಿ ಕರಕೊಂಡು ಹೋಗ್ತಿದ್ರಿ. ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ರಿ. ನೋವಾಯ್ತಾ ಅಂತ ಕೇಳ್ತಿದ್ರಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನೀವು ಯಾವತ್ತು ನೋಡಿದ್ರಿ?"

ಸುಳ್ಳು ಹೇಳಬಹುದಿತ್ತು. "ಕಳೆದ ಗುರುವಾರ," ಅಂದಳು ಕ್ಯಾಂಟೀನಮ್ಮ.

"ಆರು ದಿನ. ನಿನ್ನೆ ನನ್ನ ಜೊತೆ ಕೂತು ಟವೆಲ್ಲು ಮಡಚಿದ್ರಿ."

ಅವಳು ಹೇಳಿದ್ದು ಅಷ್ಟೇ. ಇನ್ನಷ್ಟು ಬೈದಿದ್ದರೆ ಕ್ಯಾಂಟೀನಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವತ್ತು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಒಲೆ ಹಚ್ಚುತ್ತೇನೆಂದಾಗ ಯಾರೂ ಬೇಕು ಅನ್ನಲಿಲ್ಲ.

ಮರುದಿನ ಸೊಸೆ ಗಂಡನನ್ನೂ ಕಾಗದವನ್ನೂ ಡಾಕ್ಟ್ರಮ್ಮನ ಮುಂದೆ ಕೂರಿಸಿದಳು. ಶುಕ್ರವಾರದ ಆಪರೇಷನ್ ನಿಂತಿತು. "ಬಾಯಿಮಾತು ನಂಬಿದ್ದು ನನ್ನ ತಪ್ಪು," ಅಂದರಂತೆ ಡಾಕ್ಟ್ರಮ್ಮ. ಮಗನ ರಕ್ತ ತೆಗೆಸಿದರು. ಮುಂದಿನ ವಾರ ಬರುವಾಗ, "ಮನೇಲಿ ಅಡುಗೆ ಯಾರದು? ಅವರನ್ನೂ ಕರಕೊಂಡು ಬನ್ನಿ," ಅಂದರು.

ಹಾಗೆ ಕ್ಯಾಂಟೀನಮ್ಮ ಕೂಡ ಆ ಕುರ್ಚಿಯಲ್ಲಿ ಕೂತಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

"ಕೊಬ್ಬು ಅಂದ್ರೆ ಮೂಲೇಲಿ ಸುಮ್ಮನೆ ಬಿದ್ದಿರೋ ಮೂಟೆ ಅಂದ್ಕೊಂಡಿರ್ತೀವಿ," ಅಂದರು ಡಾಕ್ಟ್ರಮ್ಮ. "ಅದು ಸುಮ್ಮನಿರಲ್ಲ. ಅದೂ ಹಾರ್ಮೋನು ಮಾಡಿ ರಕ್ತಕ್ಕೆ ಬಿಡುತ್ತೆ. ಗಂಡಸಿನ ಹಾರ್ಮೋನನ್ನ ಹೆಂಗಸಿನದಾಗಿ ಬದಲಾಯಿಸೋ ಕೆಲಸಾನೂ ಅಲ್ಲಿ ನಡೆಯುತ್ತೆ. ಎಲ್ಲ ಗಂಡಸರಲ್ಲೂ ಸ್ವಲ್ಪ ನಡೆಯೋದೇ, ಹೊಟ್ಟೆ ಬೆಳೆದರೆ ಅದೂ ಬೆಳೆಯುತ್ತೆ. ಸಾಕು, ಹೊಟ್ಟೆ ತುಂಬಿದೆ ಅಂತ ಮೆದುಳಿಗೆ ಹೇಳೋ ಹಾರ್ಮೋನೂ ಕೊಬ್ಬಿಂದಲೇ ಬರೋದು. ದಿನವಿಡೀ ಒಬ್ಬರು ಕೂಗ್ತಾನೇ ಇದ್ರೆ ನಾವು ಕಿವಿ ಮುಚ್ಚಿಕೊಳ್ತೀವಲ್ಲ, ಹಾಗೆ ಅದು ಅತಿಯಾದ್ರೆ ಮೆದುಳು ಕೇಳಿಸಿಕೊಳ್ಳೋದು ಬಿಡುತ್ತೆ. ವೀರ್ಯ ತಯಾರಿಸು ಅಂತ ಮೇಲಿಂದ ಹೋಗೋ ಆಜ್ಞೆಯೂ ಮಂಕಾಗುತ್ತೆ. ಇವರ ರಕ್ತದಲ್ಲೂ ಹಾಗೇ ಕಾಣ್ತಿದೆ."

"ಅಂದ್ರೆ ನಾನು ಬಡಿಸಿದ್ದೇ ಕಾರಣ?"

"ಬಡಿಸಿದ್ದು, ಇವರು ತಿಂದಿದ್ದು, ಕೂತೇ ಇರೋ ಕೆಲಸ, ಎಲ್ಲ ಸೇರಿರಬಹುದು. ಇದೊಂದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ. ತೂಕ ಇಳಿಸಿದವರಲ್ಲಿ ಕೆಲವರಿಗೆ ಸುಧಾರಿಸುತ್ತೆ, ಕೆಲವರಿಗೆ ಇಲ್ಲ. ಹೊಸ ವೀರ್ಯ ತಯಾರಾಗೋಕೆ ಎರಡೂವರೆ ಮೂರು ತಿಂಗಳು ಬೇಕು. ಆಮೇಲೆ ಮತ್ತೆ ಪರೀಕ್ಷೆ ಮಾಡೋಣ. ಅಲ್ಲಿವರೆಗೂ ಇವಳಿಗೆ ಒಂದು ಮಾತ್ರೆಯೂ ಬೇಡ."

ಸೊಸೆ ಮನೆ ಬಿಟ್ಟು ಹೋಗಲಿಲ್ಲ. ಹೋಗುತ್ತಾಳೆಂದು ಕ್ಯಾಂಟೀನಮ್ಮ ದಿನವೂ ಕಾದಳು. ಅಂಗಡಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಸೊಸೆ ಬರುತ್ತಿದ್ದಳು. ಬಂದು ತನ್ನ ಪಾಲಿನ ಕೆಲಸ ಮಾಡಿ, ಮಾವನ ಇಸ್ತ್ರಿ ಮೇಜಿದ್ದ ಚಿಕ್ಕ ಕೋಣೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. ಗಂಡನ ಜೊತೆ ಬೇಕಾದಷ್ಟೇ ಮಾತು. ಅತ್ತೆಯ ಜೊತೆ ಅದಕ್ಕಿಂತ ಕಡಿಮೆ.

ಕ್ಯಾಂಟೀನಮ್ಮ ನಾಲ್ಕು ಖಾನೆಯ ಡಬ್ಬಿಯಲ್ಲಿ ಎರಡು ತೆಗೆದಿಟ್ಟಳು. ಕರಿಯುವ ಬಾಣಲೆ ಅಟ್ಟಕ್ಕೆ ಹೋಯಿತು. ಬೇಯಿಸಿದ ತರಕಾರಿ, ಬೇಳೆ, ಅಳತೆಯ ಅನ್ನ. ಕೈ ಮಾತ್ರ ಹಳೇ ಜಾಡು ಬಿಡದು. ಬಡಿಸುವಾಗ ಬೆಣ್ಣೆಯ ಕಡೆಗೇ ಹೋಗುತ್ತಿತ್ತು. ಮಗನಿಗೆ ಹಸಿವು. ಹಸಿದವನ ಸಿಟ್ಟು ಬಾಯಿಗೆ ಬರುತ್ತದೆ.

"ಇದು ಊಟಾನಾ, ಮೊಲಕ್ಕೆ ಹಾಕಿದ ಹಾಗಿದೆ," ಅಂದ ಒಂದು ದಿನ.

"ಮೊಲಕ್ಕೆ ಆ ತೊಂದರೆ ಇಲ್ಲ," ಅಂದರು ಅವನ ಅಪ್ಪ, ತಟ್ಟೆಯಿಂದ ತಲೆಯೆತ್ತದೆ.

ಸೊಸೆ ನಕ್ಕಳು. ತಡೆದುಕೊಳ್ಳಲು ಬಾಯಿಗೆ ಸೆರಗು ಒತ್ತಿದರೂ ಆಗಲಿಲ್ಲ. ಮಗನ ಕಿವಿ ಕೆಂಪಾಯಿತು. ಆದರೆ ತಟ್ಟೆ ಖಾಲಿ ಮಾಡಿದ.

ಎರಡನೇ ಪಾಳಿಯ ದಿನ ಬೆಳಿಗ್ಗೆ, ಮೊದಲನೇ ಪಾಳಿಯ ದಿನ ಸಂಜೆ, ಅಪ್ಪ ಮಗ ಕೆರೆಯ ದಂಡೆಯ ಮೇಲೆ ನಡೆದರು. ಮುದುಕರು ಮುಂದೆ, ಏದುಸಿರು ಬಿಡುತ್ತಾ ಮಗ ಹಿಂದೆ. ನಡುವೆ ಒಂದು ವಾರ ಅವನು ಬಿಟ್ಟೂಬಿಟ್ಟ. ಸಮವಸ್ತ್ರದ ಚೀಲದಲ್ಲಿ ಬಿಸ್ಕತ್ತಿನ ಮೂರು ಪೊಟ್ಟಣ ಸಿಕ್ಕವು. ಕ್ಯಾಂಟೀನಮ್ಮ ಮುಚ್ಚಿಡಲಿಲ್ಲ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಅವನು ಬಂದು ನೋಡಿದ, ಹೆಂಡತಿಯ ಮುಖ ನೋಡಿದ. "ನಾಳೆಯಿಂದ ಮತ್ತೆ ಹೋಗ್ತೀನಿ," ಅಂದ.

"ನನಗೆ ಹೇಳಬೇಡಿ. ನಡೆಯಿರಿ," ಅಂದಳು ಅವಳು.

ಮೂರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿಯಿತು. ಪರೀಕ್ಷೆಗೆ ಕೊಟ್ಟು ಬಂದ ಮೇಲಿನ ಎರಡು ದಿನ ಕ್ಯಾಂಟೀನಮ್ಮನ ಕೈಯಲ್ಲಿ ಅನ್ನ ಸೀದುಹೋಯಿತು, ಹಾಲು ಉಕ್ಕಿಹೋಯಿತು. ಮೂರನೆಯ ದಿನ ಮಧ್ಯಾಹ್ನ ಮಗ ಲಕೋಟೆ ತಂದ. ಅಂಟು ಬಿಚ್ಚಿರಲಿಲ್ಲ. ಹೆಂಡತಿಯ ಕೈಗೆ ಕೊಟ್ಟ. "ನೀನೇ ಮೊದಲು ಓದು."

ಅವಳು ಓದಿದಳು. "ಹೆಚ್ಚಾಗಿದೆ," ಅಂದಳು. "ಇರಬೇಕಾದಷ್ಟಿಲ್ಲ. ಅರ್ಧ ದಾರಿ ಅನ್ನಬಹುದು. ಇನ್ನೂ ಮೂರು ತಿಂಗಳು ಹೀಗೇ ಮುಂದುವರಿಸಿ ಅಂತ ಬರೆದಿದ್ದಾರೆ."

"ಆಗುತ್ತೆ ಅಂತೀಯಾ?" ಅಂದ ಮಗ.

"ಗೊತ್ತಿಲ್ಲ. ಡಾಕ್ಟ್ರಮ್ಮನಿಗೂ ಗೊತ್ತಿಲ್ಲ."

ಆ ಹೊತ್ತಿಗೆ ಮಹಡಿ ಮನೆಯ ಟೈಲರಮ್ಮ ಮೆಟ್ಟಿಲಿಳಿದು ಬಂದಳು. ಬಾಗಿಲು ತೆರೆದೇ ಇತ್ತು. ಸೊಸೆಯ ಕೈಯಲ್ಲಿದ್ದ ಕಾಗದ ನೋಡಿ, ದನಿ ತಗ್ಗಿಸಿದಂತೆ ಮಾಡಿ ಎಲ್ಲರಿಗೂ ಕೇಳುವ ಹಾಗೆ ಕ್ಯಾಂಟೀನಮ್ಮನನ್ನು ಕೇಳಿದಳು: "ಏನಂತೆ? ಈ ಸಲವಾದರೂ ಇವಳಿಗೆ ಔಷಧಿ ಹಿಡಿಯಿತಾ?"

ಮಗ ತಲೆ ತಗ್ಗಿಸಿದ. ಸೊಸೆ ಕಾಗದ ಮಡಚತೊಡಗಿದಳು. ಹೂಂ, ಉಹೂಂ ಎಂದು ತೇಲಿಸಿದರೂ ಆಗುತ್ತಿತ್ತು. ಕ್ಯಾಂಟೀನಮ್ಮ ಮಗನ ಕಡೆ ನೋಡಿದಳು. ಅವನು ತಲೆಯೆತ್ತಿ, ಹೇಳು ಎನ್ನುವಂತೆ ಕತ್ತು ಆಡಿಸಿದ.

"ಇವಳಿಗೆ ಔಷಧಿ ಬೇಕಿರಲೇ ಇಲ್ಲ," ಅಂದಳು. "ಕಡಿಮೆ ಇದ್ದದ್ದು ನನ್ನ ಮಗನದು. ಇವಳ ಮೇಲೆ ನಾನು ನಿನ್ನ ಹತ್ತಿರ ಏನೇನು ಆಡಿದ್ದೆನೋ ಅದೆಲ್ಲ ಸುಳ್ಳು. ನೀನು ಅದನ್ನ ಯಾರಿಗಾದರೂ ಹೇಳಿದ್ರೆ, ಇದನ್ನೂ ಹೇಳು."

ಟೈಲರಮ್ಮ ಏನೋ ಹೇಳಲು ಹೋಗಿ, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ ಎಂದು ಮೆಟ್ಟಿಲು ಹತ್ತಿದಳು. ಕ್ಯಾಂಟೀನಮ್ಮ ಗೋಡೆ ಹಿಡಿದು ಕೂತಳು. ಸೊಸೆ ಬಂದು ಕೈ ಹಿಡಿಯುತ್ತಾಳೆ, ಹೋಗಲಿ ಬಿಡಿ ಅತ್ತೆ ಅನ್ನುತ್ತಾಳೆ ಎಂದು ಮನಸ್ಸಿನ ಒಂದು ಮೂಲೆ ಆಸೆಪಟ್ಟಿತು.

ಸೊಸೆ ಹಾಗೇನೂ ಅನ್ನಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು. ಅತ್ತೆ ಕುಡಿದು ಮುಗಿಸುವವರೆಗೂ ನಿಂತಿದ್ದು, "ಚಿಕ್ಕಮ್ಮನಿಗೂ ಹಾಗೇ ಹೇಳಿದ್ರಿ," ಅಂದಳು. "ಕ್ಯಾಂಟೀನಿನ ಆ ಜೊತೆಗಾತಿಗೂ ಹೇಳಿದ್ರಿ. ಅವರು ನಮ್ಮ ಅಂಗಡಿಗೆ ಬಂದಾಗಲೆಲ್ಲ ನನ್ನ ಹೊಟ್ಟೆ ನೋಡ್ತಾರೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಗಾಜು ಎಲ್ಲಿ ಕೂತಿಲ್ಲವೆಂದು ತೋರಿಸುವ ಹಾಗೆ ಹೇಳಿದಳು.

ಕ್ಯಾಂಟೀನಮ್ಮ ಎದ್ದು ಮುಖ ತೊಳೆದು ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ ಅಮ್ಮ," ಅಂದ ಮಗ.

"ಬೇಡ. ಆಡಿದ್ದು ನನ್ನ ಬಾಯಿ. ನೀನು ಊಟ ಮಾಡಿ, ಸಂಜೆ ಅಪ್ಪನ ಜೊತೆ ನಡೆಯೋಕೆ ಹೋಗು."

ತಂಗಿಯ ಮನೆ ಮೂರು ಬೀದಿ ಆಚೆ. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿದಳು, ಎದುರಿಗೆ ಜನ ಬಂದಾಗಲೆಲ್ಲ ಜೋಡಿಸಿದ್ದು ಚೆದುರಿತು. ಎರಡು ಸಲ ವಾಪಸು ಹೋಗಿಬಿಡೋಣ ಅನ್ನಿಸಿತು. ಬಾಗಿಲು ತಟ್ಟಿದಾಗ ತಂಗಿ ಕೈ ಒರೆಸಿಕೊಳ್ಳುತ್ತಾ ಬಂದಳು.

"ಇದೇನಕ್ಕ, ಈ ಬಿಸಿಲಲ್ಲಿ? ಬಾ, ಊಟಕ್ಕೇ ಕೂರ್ತಿದ್ವಿ. ತಟ್ಟೆ ಹಾಕ್ತೀನಿ."

"ಊಟ ಆಮೇಲೆ," ಅಂದಳು ಕ್ಯಾಂಟೀನಮ್ಮ, ಹೊಸ್ತಿಲ ಮೇಲೆ ನಿಂತೇ. "ಮೊದಲು ಒಂದು ಮಾತು ಹೇಳಬೇಕು. ನಿನ್ನ ಗಂಡನನ್ನೂ ಕರಿ, ಅವರೂ ಕೇಳಲಿ."